ಮುಹೂರ್ತ ಮುಗಿಯುವ ತನಕ

“ಕಟ್ಟು ಅಂದ್ರೆ ಕಟ್ಟೇ ಮುಂಡೆ. ನಿನ್ನ ಇಟ್ಕೊಂಡಿರೋದು ಹೇಲು ಬಾಚೋಕೆ, ಬುದ್ಧಿ ಹೇಳೋಕಲ್ಲ.”

ಮೋಹನ್‌ಬಾಬು ಹಳೇ ಸೀರೆಯ ಎರಡು ಪಟ್ಟಿಗಳನ್ನು ನನ್ನ ಮುಖಕ್ಕೆ ಎಸೆದ. ಅವನ ತಾಯಿ ಲಕ್ಷ್ಮೀದೇವಮ್ಮ, ಊಟ ಬಿಡಲು ಮೂಗಿಗೆ ಹಾಕಿದ್ದ ನಳಿಕೆಯನ್ನು ಎರಡನೇ ಸಲ ಕಿತ್ತುಹಾಕಿದ್ದಳು. ಹೊಸದನ್ನು ಹಾಕಿಸಿಯಾಗಿತ್ತು. ಅದನ್ನೂ ಕೀಳದ ಹಾಗೆ ಅವಳ ಕೈಗಳನ್ನು ಮಂಚಕ್ಕೆ ಕಟ್ಟಬೇಕಿತ್ತು.

ಚಿಂತಾಮಣಿಯ ಡಾಕ್ಟರು ನನ್ನೆದುರಿಗೇ ಹೇಳಿದ್ದರು. ಅಜ್ಜಿಗೆ ಉಳಿದಿರುವುದು ಕೆಲವೇ ದಿನ, ಬುದ್ಧಿ ಸರಿಯಾಗಿದೆ, ನಳಿಕೆ ಬೇಡವೆಂದರೆ ಬಲವಂತ ಮಾಡಬೇಡಿ, ಕೇಳಿದರೆ ತಲೆ ಎತ್ತಿ ಚಮಚದಲ್ಲಿ ನೀರು ಕೊಡಿ. ನಾನು ನೆನಪಿಸಿದ್ದು ಅಷ್ಟನ್ನೇ. ಆದರೆ ಗುರುವಾರ ಮೋಹನ್‌ಬಾಬುವಿನ ಮಗಳ ಮದುವೆ. ಅದಕ್ಕೆ ಮುಂಚೆ ಮುದುಕಿ ಸತ್ತರೆ ಸೂತಕ, ಮದುವೆ ನಿಲ್ಲುತ್ತದೆ.

ಕಟ್ಟಿದೆ. ಮುಚ್ಚಿಡುವುದೇಕೆ, ಕೆಲಸ ಹೋದೀತೆಂದು ಹೆದರಿ ನಾನೇ ಕಟ್ಟಿದೆ.

ಲಕ್ಷ್ಮೀದೇವಮ್ಮನೂ ಸಾಚಾ ಹೆಂಗಸೇನಲ್ಲ. ರೋಗಿಗಳನ್ನು ನೋಡಿಕೊಳ್ಳುವ ತರಬೇತಿ ಮುಗಿಸಿ ನಾನು ಪೆರೇಸಂದ್ರದಿಂದ ಬಂದ ದಿನವೇ ಜಾತಿ ಕೇಳಿ, ನನ್ನ ಲೋಟವನ್ನು ಬಚ್ಚಲ ಕಿಟಕಿಯಲ್ಲಿ ಇಡಿಸಿದ್ದಳು. ಅಂಡು ತೊಳೆಯಲು ನನ್ನ ಕೈ ಆಗುತ್ತಿತ್ತು, ಅದೇ ಕೈಯ ನೀರು ಮಾತ್ರ ಆಗುತ್ತಿರಲಿಲ್ಲ. ನಮ್ಮ ತಾತ ವೆಂಕಟರವಣಪ್ಪ ಇಂಥ ಮನೆಗಳಲ್ಲಿ ಯಾರಾದರೂ ಸತ್ತರೆ ಬಾಗಿಲ ಮುಂದೆ ಬೆಂಕಿ ಹಾಕಿ, ಸುದ್ದಿ ಹೇಳಲು ಅಂಬಾಜಿದುರ್ಗದ ಸುತ್ತಿನ ಊರುಗಳಿಗೆಲ್ಲ ನಡೆದು ಹೋಗುತ್ತಿದ್ದ. ಬೌದ್ಧನಾದ ದಿನ ನಮ್ಮಪ್ಪ ಆ ಚಾಕರಿಗೆ ಎಳ್ಳುನೀರು ಬಿಟ್ಟ.

ಗುರುವಾರ ಬೆಳಿಗ್ಗೆ ಎಲ್ಲರೂ ಛತ್ರಕ್ಕೆ ಹೊರಟರು. ಮೋಹನ್‌ಬಾಬುವಿನ ಹೆಂಡತಿ ತನುಜ ಅಡುಗೆಮನೆಗೆ ಬೀಗ ಹಾಕಿ, ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು.

“ಹತ್ತೂಮುಕ್ಕಾಲಿಗೆ ಮುಹೂರ್ತ. ಅಷ್ಟರಲ್ಲಿ ಹೋಗ್ಬಿಟ್ರೆ ಯಾರ್ಗೂ ಹೇಳ್ಬೇಡ. ಏಸಿ ಹಾಕಿ ಬಾಗ್ಲು ಮುಚ್ಕೊಂಡಿರು. ಸಾಯಂಕಾಲ ಹೋದ್ರು ಅಂತೀವಿ.”

ಮುದುಕಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಕಾರು ಹೋದ ಮೇಲೆ ನನ್ನನ್ನೇ ನೋಡಿದಳು. ಮಣಿಕಟ್ಟಿನಲ್ಲಿ ಪಟ್ಟಿ ಉಜ್ಜಿ ಚರ್ಮ ಕಿತ್ತುಹೋಗಿತ್ತು.

“ಬಿಚ್ಚೇ ರೂಪಮ್ಮ. ನಾನೇನ್ ದನಾನಾ?”

ಮೂರು ದಿನದಿಂದ ಇದನ್ನೇ ಕೇಳುತ್ತಿದ್ದಳು, ನಾನು ಮುಖ ತಿರುಗಿಸುತ್ತಿದ್ದೆ. ನನ್ನ ಮೇಲೇ ನನಗೆ ಅಸಹ್ಯವಾಯಿತು. ಬಿಚ್ಚಿದೆ. ನಳಿಕೆಯನ್ನು ಅವಳೇ ಎಳೆದು ಬಿಸಾಕಿದಳು. ನೀರು ಕೇಳಿದಳು. ಇರುವುದು ಬಚ್ಚಲ ಕಿಟಕಿಯ ನನ್ನ ಲೋಟವೊಂದೇ ಎಂದೆ.

“ಅದ್ರಲ್ಲೇ ಕೊಡೇ.”

ತಲೆ ಎತ್ತಿ ಹಿಡಿದು ಚಮಚದಲ್ಲಿ ಕೊಟ್ಟೆ. ಮೂರು ಚಮಚಕ್ಕೆ “ಚಾಲು ತಲ್ಲಿ” ಎಂದು ಮನೆಮಾತಾದ ತೆಲುಗಿನಲ್ಲೇ ಸಾಕು ತಾಯಿ ಎಂದಳು. ನನ್ನ ಕೈ ಹಿಡಿದುಕೊಂಡೇ ಮಲಗಿದಳು. ಒಂಬತ್ತು ನಲವತ್ತಕ್ಕೆ ಉಸಿರು ನಿಂತಿತು.

ಅತ್ತುಬಿಟ್ಟೆ. ಲೋಟ ಬೇರೆ ಇಡಿಸಿದವಳಿಗಾಗಿ ಯಾಕೆ ಅಳುತ್ತಿದ್ದೇನೆಂದು ಸಿಟ್ಟೂ ಬಂತು. ಮೈ ಒರೆಸಿ ಕಣ್ಣು ಮುಚ್ಚಿದೆ. ಹೆಣದ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುವುದು ಪದ್ಧತಿ. ನಾನು ಕಟ್ಟಲಿಲ್ಲ.

ಮೋಹನ್‌ಬಾಬುವಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಓಲಗ ಜೋರಾಗಿತ್ತು. ಹೇಗೆ ಹೋದಳು, ಏನಾದರೂ ಅಂದಳೇ ಎಂದು ಕೇಳಲಿಲ್ಲ.

“ಬಾಗ್ಲು ಹಾಕ್ದೇನೇ?” ಎಂದ.

ಫೋನ್ ಇಟ್ಟು ಹಿತ್ತಲಿಗೆ ಹೋದೆ. ನೀರೊಲೆಯಲ್ಲಿ ಬೆಳಗಿನ ಕೆಂಡ ಇನ್ನೂ ಇತ್ತು. ಅಲ್ಲೇ ಬಿದ್ದಿದ್ದ ಹಳೇ ಬಾಣಲೆಯಲ್ಲಿ ಕೆಂಡ, ಕಂಕುಳಲ್ಲಿ ನಾಲ್ಕು ಸೌದೆ. ಮನೆಯ ಎರಡು ಬಾಗಿಲನ್ನೂ ತೆರೆದಿಟ್ಟು, ಮದುವೆ ಚಪ್ಪರದ ಎದುರಿಗೆ, ರಸ್ತೆಯ ಮೇಲೆ ಕೆಂಡ ಸುರಿದು ಸೌದೆ ಒಟ್ಟಿದೆ. ಯಾರೂ ನನ್ನನ್ನು ಈ ಚಾಕರಿಗೆ ಕರೆದಿರಲಿಲ್ಲ.

ಎದುರುಮನೆಯ ರಮೇಶ್‌ಬಾಬು ಹೊಸ ಪಂಚೆಯುಟ್ಟು ಮದುವೆಗೆ ಹೊರಟವನು ಹೊಗೆ ನೋಡಿ ಅಲ್ಲೇ ನಿಂತ. ಬೆಂಕಿ ಹಾಕಿದ್ದು ಯಾರೆಂದು ಕೇಳಿದ.

“ನಾನೇ. ಅಜ್ಜಿ ಹೋದ್ರು. ಒಂಬತ್ತು ನಲವತ್ತಕ್ಕೆ. ನೀರು ಬಿಟ್ಟೋಳೂ ನಾನೇ.”

ಹತ್ತು ಗಂಟೆಯಾಗಿತ್ತು. ಅವನು ಜೇಬಿನಿಂದ ಫೋನ್ ತೆಗೆದ. ನಾನು ಇನ್ನೊಂದು ಸೌದೆಯನ್ನು ಒಳಕ್ಕೆ ತಳ್ಳಿದೆ.