ದೇವದೂತನ ಮಣಿಕಟ್ಟು

"ನನ್ನ ಗಂಡನ್ನ ಬೆಂಕಿಗೆ ಹಾಕೋಕೆ ನೀವ್ಯಾರ್ರೀ? ಬಲಿಪೀಠಕ್ಕೆ ಚಿತ್ರ ಮಾಡಿಸ್ತಿರೋದೇ ಅವರು ಮೇಲೆ ಹೋಗ್ಲಿ ಅಂತ!"

"ಅಮ್ಮಾವ್ರೇ, ಬಾಯಿ ಸ್ವಲ್ಪ ಕಡಿಮೆ ಮಾಡಿ. ನಿಮ್ಮ ಗಂಡನ್ನ ನಾನು ಕಣ್ಣಿಂದ ನೋಡಿಲ್ಲ. ಅದು ಕುಂಚ ತಾಗಿದ ಬಣ್ಣದ ಗುರುತು ಅಷ್ಟೆ. ಇನ್ನೂ ಮುಖಾನೇ ಬರೆದಿಲ್ಲ."

ಚಿತ್ರಕಾರ ಅನಿಯೆಲ್ಲೊನ ಮಾತನ್ನು ವಿಯೊಲಾಂತೆ ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡ ಚಿತ್ರಕ್ಕೆ ಮೊದಲು ಬರೆದ ಮೊಳದುದ್ದದ ಆ ಕರಡನ್ನು ಕಿಟಕಿಯ ಬೆಳಕಿಗೆ ಎಳೆದಳು. ಮೇಲೆ ಮಾತೆ ಮರಿಯ, ನಡುವೆ ಮೋಡದ ಮೇಲೆ ನಿಂತು ಕೈ ಚಾಚಿದ ದೇವದೂತ, ಕೆಳಗೆ ಪಾಪ ಕಳೆಯುವ ಬೆಂಕಿಯಲ್ಲಿ ಸೊಂಟದವರೆಗೆ ಮುಳುಗಿದ ಆತ್ಮಗಳು. ಎಲ್ಲವೂ ಎಣ್ಣೆಬಣ್ಣದಲ್ಲಿ ಅವಸರಕ್ಕೆ ಬಳಿದದ್ದು. ಎಡಮೂಲೆಯವನು ಮಾತ್ರ ಅವಳ ಗಂಡ ಕತಾಲ್ದೊನೇ. ಅದೇ ಗೂಳಿಕತ್ತು, ಅದೇ ಮುರಿದ ಮೂಗು. ಹೋದ ವರ್ಷ ನೇಪಲ್ಸಿಗೆ ಪ್ಲೇಗು ಬಡಿದಾಗ ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳಲೂ ಆಗದೆ ಸತ್ತಿದ್ದ.

"ದೇವದೂತ ಅವರ ಕೈ ಹಿಡೀಬೇಕು. ಈಗ್ಲೇ ಬರೀರಿ."

"ಆಗಲ್ಲ. ಚರ್ಚಿನ ಸಂಘದ ಹಿರಿಯರು ಒಪ್ಪಿ, ಹಿಂದುಗಡೆ ಮುದ್ರೆ ಒತ್ತಿದಾರೆ. ಇದ್ರಲ್ಲಿ ಇದ್ದದ್ದೇ ದೊಡ್ಡದ್ರಲ್ಲೂ ಇರ್ಬೇಕು. ಒಂದು ಬೆರಳು ಹೆಚ್ಚಾದ್ರೂ ವಾಪಸ್ ಕಳಿಸ್ತಾರೆ."

"ಆ ಮುದುಕರಿಗೆ ನಾನು ಹೇಳ್ಕೋತೀನಿ. ಬೆಂಕೀಲಿರೋದು ಅವರ ಮನೆಯವರಾ?"

ಅನಿಯೆಲ್ಲೊ ಹಲ್ಲು ಕಡಿಯುತ್ತ ಕುಂಚ ಅದ್ದಿದ. ದೇವದೂತನ ಬೆರಳುಗಳು ಕೆಳಗಿಳಿದು ಕತಾಲ್ದೊನ ಕೈ ಹಿಡಿದವು.

"ಸಮಾಧಾನ ಆಯ್ತಾ? ಪಾಪ, ಸ್ವರ್ಗಕ್ಕೆ ಹೋದ್ರೂ ನಿಮ್ಮ ಬಾಯಿಂದ ತಪ್ಪಿಸ್ಕೊಳ್ಳೋ ಹಾಗಿಲ್ಲ" ಎಂದು ಕುಂಚ ಒರೆಸಲು ಆಚೆ ತಿರುಗಿದ.

ವಿಯೊಲಾಂತೆ ಬಗ್ಗಿ ನೋಡಿದಳು. ಈಗ ದೇವದೂತ ಹಿಡಿದಿರಲಿಲ್ಲ. ಕತಾಲ್ದೊ ಹಿಡಿದಿದ್ದ. ದೇವದೂತನ ಮಣಿಕಟ್ಟಿನ ಮೂಳೆಗೆ ಹೆಬ್ಬೆರಳು ಒತ್ತಿ ಹಿಡಿದಿದ್ದ. ಆ ಹಿಡಿತ ಅವಳಿಗೆ ಹೊಸದಲ್ಲ. ಮದುವೆಯಾದ ಅಷ್ಟೂ ವರ್ಷ ಅದೇ ಜಾಗದ ನೀಲಿ ಕಲೆಯನ್ನು ತೋಳಿನ ಕಸೂತಿಯಡಿ ಮುಚ್ಚಿಕೊಂಡೇ ಪೂಜೆಗೆ ಹೋಗಿದ್ದಳು.

"ಮೇಸ್ತ್ರಿ, ಹೀಗ್ಯಾಕೆ ಬರೆದ್ರಿ?"

ಅನಿಯೆಲ್ಲೊ ತಿರುಗಿ ನೋಡಿದ.

"ನಾನು ಬರೆದಿಲ್ಲ."

ಮೋಡದ ಮೇಲಿದ್ದ ದೇವದೂತನ ಒಂದು ಪಾದ ಆಗಲೇ ಬೆಂಕಿಯೊಳಗಿತ್ತು.

"ಒರೆಸಿ."

"ಒರೆಸಿದ್ರೆ ನಿಮ್ಮ ಯಜಮಾನ್ರು ಬೆಂಕೀಲೇ ಉಳೀತಾರೆ ಅಮ್ಮಾವ್ರೇ. ಯೋಚ್ನೆ ಮಾಡಿ."

ವರ್ಷವಿಡೀ ಅವನಿಗಾಗಿ ಉಪವಾಸ ಮಾಡಿದ್ದಳು, ಮಂಡಿ ಸವೆಯುವಷ್ಟು ಪ್ರಾರ್ಥಿಸಿದ್ದಳು. ತೋಳಿನ ಕಸೂತಿಯನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡಳು.

"ಒರೆಸಿ ಅಂದೆ."

ಅನಿಯೆಲ್ಲೊ ಬಣ್ಣ ಕರಗಿಸುವ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆ ಒತ್ತಿದ. ಒಲೆ ಮುಟ್ಟಿದವನ ಹಾಗೆ ಕೈ ಕಿತ್ತುಕೊಂಡ. ದೇವದೂತನ ಮಣಿಕಟ್ಟು ಬಿಡುಗಡೆಯಾಗಿತ್ತು. ಆದರೆ ಕತಾಲ್ದೊನ ಕೈ ಬೆಂಕಿಗೆ ಮುಳುಗಲಿಲ್ಲ. ನಿಧಾನವಾಗಿ ಚಿತ್ರದಿಂದ ಹೊರಗಡೆಗೆ, ಅವಳು ನಿಂತ ಕಡೆಗೆ ತಿರುಗಿತು. ಬೆರಳು ಬಿಚ್ಚಿ, ಮನೆಯೊಳಗೆ ಕರೆಯುವ ಹಾಗೆ ಕಾಯತೊಡಗಿತು.

ವಿಯೊಲಾಂತೆ ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡಳು.

"ಅಮ್ಮಾವ್ರೇ," ಅನಿಯೆಲ್ಲೊನ ಸ್ವರ ಇಳಿದಿತ್ತು, "ದೊಡ್ಡದ್ರಲ್ಲಿ ಏನು ಮಾಡ್ಲಿ?"

"ಆ ಮೂಲೆಗೆ ಬೆಂಕಿ ಒಂದೇ ಸಾಕು."

ಬೆನ್ನು ತೋರಿಸದೆ, ಹಿಂದಕ್ಕೆ ಹೆಜ್ಜೆಯಿಡುತ್ತ ಬಾಗಿಲು ದಾಟಿದಳು. ಬಲಿಪೀಠಕ್ಕೆ ಚಿತ್ರ ಏರಿಸಿದ ದಿನ ಸಂಘದವರು ಮುಂದಿನ ಸಾಲಿನಲ್ಲಿ ಅವಳಿಗೆಂದು ಕುರ್ಚಿ ಹಾಕಿಸಿ ಕಾದರು. ಅವಳು ಬರಲಿಲ್ಲ. ಆಮೇಲೂ ಆ ಚರ್ಚಿನ ಮೆಟ್ಟಿಲು ತುಳಿಯಲಿಲ್ಲ.