ಅಮ್ಮ ಕರೆದಳೆಂದು ಬಂದವಳು

ಭೈಣೀಖೇಡಿಯಲ್ಲಿ ಹುಡುಗಿಯೊಬ್ಬಳು ತಾನು ಮೆಚ್ಚಿದವನನ್ನು ಮದುವೆಯಾದರೆ ಮೊದಲು ನೋಯುವುದು ಊರಿನ ಹೊಟ್ಟೆ. ಅಂಗೂರಿಯ ಮಗಳು ನೀಲಂ ಮದುವೆಯಾದದ್ದು ಬೇರೆ ಜಾತಿಯವನನ್ನು, ಕುಂಬಾರರ ರಾಮ್‌ಮೆಹರ್‌ನನ್ನು. ಅವನು ಪೇಟೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದ. ಅವಳಿಗೆ ಇಪ್ಪತ್ತೆರಡು, ಅವನಿಗೆ ಇಪ್ಪತ್ತೈದು. ಕೋರ್ಟಿಗೆ ಹೋಗಿ ರಕ್ಷಣೆ ಕೇಳಿದರು. ಹರಿಯಾಣದ ಜಿಲ್ಲಾ ಪೇಟೆಗಳಲ್ಲಿ ಇಂಥ ಜೋಡಿಗಳಿಗೆಂದೇ ಪೊಲೀಸ್ ಕಾವಲಿನ ಆಸರೆ ಮನೆಗಳಿವೆ. ಅಲ್ಲಿ ಇಬ್ಬರೂ ಉಳಿದರು.

ಊರಿನಲ್ಲಿ ಜಾತಿಯ ಹಿರಿಯರು ಅಂಗೂರಿಯ ಗಂಡ ಬಲವಾನನಿಗೆ ಹುಕ್ಕಾ ಕೊಡುವುದನ್ನು ನಿಲ್ಲಿಸಿದರು, ಅಂದರೆ ಜಾತಿಯಿಂದ ಹೊರಗಿಟ್ಟರು. ಅವನು ಕಟ್ಟೆಯ ಮೇಲೆ ಕೂತರೆ ಹುಕ್ಕಾ ಅವನನ್ನು ದಾಟಿ ಪಕ್ಕದವನ ಕೈಗೆ ಹೋಗುತ್ತಿತ್ತು. ಎರಡು ವಾರ ಅದನ್ನು ನುಂಗಿಕೊಂಡ. ಆಮೇಲೆ ಅವನೂ ಅವನ ತಮ್ಮ ಸತ್ಬೀರನೂ ಅಂಗೂರಿಯ ಮುಂದೆ ಫೋನು ಇಟ್ಟರು. ಎಲ್ಲರೂ ಒಪ್ಪಿದ್ದಾರೆ, ಮನೆಯಲ್ಲೇ ಇನ್ನೊಮ್ಮೆ ಮದುವೆ ಮಾಡುತ್ತೇವೆ, ನೀನೇ ಕರೆ, ನಿನ್ನ ಮಾತಾದರೆ ನಂಬುತ್ತಾಳೆ ಅಂದರು.

ಅಂಗೂರಿಗೆ ಹಿಗ್ಗೋ ಹಿಗ್ಗು. ನಲ್ಲಿಯ ಹತ್ತಿರ ಸಿಕ್ಕ ಆಶಾ ಕಾರ್ಯಕರ್ತೆ ಬಿಮಲಾಗೂ ಹೇಳಿದಳು. ಬಿಮಲಾ ಕೊಡ ಕೆಳಗಿಟ್ಟಳು.

"ಅತ್ತಿಗೆ, ನಿಜವಾಗ್ಲೂ ಒಪ್ಪಿದ್ರೆ ಆ ಮನೆಗೇ ಹೋಗಿ ಅಧಿಕಾರಿ ಎದುರು ಬರೆದುಕೊಡ್ಲಿ. ಹುಡುಗೀನ ಹೊರಗೆ ಕರೀಬೇಡ. ಬಾಯಿಮಾತು ನಂಬಿ ಹೊರಗೆ ಬಂದವರನ್ನೇ ಕೊಲ್ಲೋದು."

"ಅವಳಪ್ಪನ ವಿಷಯ ನನಗಿಂತ ನಿಂಗೆ ಜಾಸ್ತಿ ಗೊತ್ತಾ? ಮಕ್ಕಳಿಗೆ ಪೋಲಿಯೋ ಹನಿ ಹಾಕ್ದಂಗೆ ನಮಗೂ ಬುದ್ಧಿ ಹನಿ ಹಾಕೋಕೆ ಬಂದ್ಯಾ?"

ಅಂಗೂರಿ ಫೋನು ಮಾಡಿದಳು. ನೀಲಂ, "ನನ್ನಾಣೆ ಮಾಡಿ ಹೇಳಮ್ಮ," ಅಂದಳು.

"ನಿನ್ನಾಣೆ ಕಣೇ."

ಮಾರನೆಯ ದಿನ ಹತ್ತು ಗಂಟೆಯ ಬಸ್ಸಿಗೆ ನೀಲಂ ಒಬ್ಬಳೇ ಬಂದಳು. ಅಂಗೂರಿ ರೊಟ್ಟಿಗೆ ತುಪ್ಪ ಬೆಲ್ಲ ಹಾಕಿ ಹಿಸುಕಿ ಚೂರ್ಮಾ ಮಾಡುತ್ತಿದ್ದಳು. ಮೊದಲು ಹೊಲದಲ್ಲಿರುವ ಹಿರೀಕರ ಗುಡಿಗೆ ಕೈಮುಗಿದು ಬರೋಣ ಎಂದು ಅಪ್ಪ, ಚಿಕ್ಕಪ್ಪ ಮಗಳನ್ನು ಕರೆದುಕೊಂಡು ಹೊರಟರು. ತಾನೂ ಬರುತ್ತೇನೆಂದ ಅಂಗೂರಿಯನ್ನು ಸತ್ಬೀರ ಮೇವಿನ ಕೋಣೆಗೆ ತಳ್ಳಿ ಚಿಲಕ ಹಾಕಿದ. ಚಿಲಕ ತೆಗೆಯುವ ಹೊತ್ತಿಗೆ ಹೊಲದಾಚೆ ಚಿತೆ ಉರಿದು ಮುಗಿಯುತ್ತ ಬಂದಿತ್ತು. ವಾಂತಿಭೇದಿಯಾಗಿ ಹೋಗಿಬಿಟ್ಟಳು ಅಂದರು. ಊರಿನಲ್ಲಿ ಯಾರನ್ನು ಕೇಳಿದರೂ ಅದೇ ಮಾತು, ಪಾಠ ಒಪ್ಪಿಸಿದ ಹಾಗೆ.

ಮೂರನೆಯ ದಿನ ಹಿರಿಯರು ಮನೆಗೆ ಬಂದರು. ಎಲ್ಲರಿಗಿಂತ ದೊಡ್ಡವನು ಅಂಗೂರಿಯ ತಲೆ ಮೇಲೆ ಕೈಯಿಟ್ಟು ಹೇಳಿದ: "ಮನೆತನದ ಮಾನ ಉಳಿಸಿದೆ, ತಾಯಿ. ನೀನು ಕರೀದಿದ್ರೆ ಅವಳೆಲ್ಲಿ ಬರ್ತಿದ್ಲು?" ಆವತ್ತು ಹುಕ್ಕಾ ಮೊದಲು ಬಲವಾನನ ಕೈಗೇ ಬಂತು.

ಅಲ್ಲಿಯವರೆಗೂ ಅಂಗೂರಿ ತನಗೇನೂ ಗೊತ್ತಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆ ಹೊಗಳಿಕೆ ಕೇಳಿದ ಮೇಲೆ ಹಾಗೆ ಹೇಳಿಕೊಳ್ಳಲು ಆಗಲಿಲ್ಲ. ಅವರು ಎದ್ದು ಹೋದದ್ದೇ ಬಿಮಲಾಳ ಮನೆಗೆ ನಡೆದಳು. ಬಿಮಲಾ, ನಾನು ಆಗಲೇ ಹೇಳಿದ್ದೆ ಅನ್ನಲಿಲ್ಲ. ರಾಮ್‌ಮೆಹರ್ ಆಗಲೇ ದೂರು ಕೊಟ್ಟಿದ್ದಾನೆ, ಕಂಡವರು ಒಬ್ಬರೂ ಬಾಯಿ ಬಿಡುತ್ತಿಲ್ಲ ಅಂದಳು. ಠಾಣೆಯಲ್ಲಿ ಹೇಳಿದರೆ ಸಾಲದು, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಬರೆಸಬೇಕು, ಸಾಕ್ಷಿಗೆ ರಕ್ಷಣೆ ಬೇಕೆಂದು ಅರ್ಜಿಯನ್ನೂ ಹಾಕಬೇಕು ಎಂದು ತಿಳಿಸಿ, ಜೊತೆಗೆ ಹೋಗಿ ಎರಡನ್ನೂ ಮಾಡಿಸಿದಳು.

ಬಲವಾನ, ಸತ್ಬೀರ, ಹಿರಿಯರ ಮೇಲೆ ಕೇಸು ಎಂಟು ವರ್ಷ ನಡೆಯಿತು. ಇವತ್ತು ವಕೀಲರಿಲ್ಲ, ನಾಳೆ ಜಡ್ಜ್ ವರ್ಗ, ಮುಂದಿನ ತಿಂಗಳು ಬನ್ನಿ. ಚಿತೆಗೆ ಸೌದೆ ಹೊತ್ತವನು ತಾನು ಆ ದಿನ ಊರಲ್ಲೇ ಇರಲಿಲ್ಲ ಅಂದ. ಪಕ್ಕದ ಹೊಲದವನು ಪೊಲೀಸರಿಗೆ ಹೇಳಿದ್ದನ್ನೆಲ್ಲ ಕೋರ್ಟಿನಲ್ಲಿ ನುಂಗಿದ. ಗಿರಣಿಯವನು ಅಂಗೂರಿಯ ಗೋಧಿ ಬೀಸುವುದನ್ನು ಬಿಟ್ಟ. ಅತ್ತೆ ಬಾಗಿಲಿಗೆ ಬಂದು, ಗಂಡನನ್ನು ತಿಂದವಳು ಎಂದು ಬೈದು ಹೋಗುತ್ತಿದ್ದಳು.

ಕಟಕಟೆಯಲ್ಲಿ ಎದುರು ವಕೀಲ ಕೇಳಿದ, "ಫೋನ್ ಮಾಡಿ ಕರೆದಿದ್ದು ನೀನೇ. ಹಾಗಾದ್ರೆ ಕೊಲೆಗಾರ್ತಿ ಯಾರು?"

"ಕರೆದಿದ್ದು ನಾನೇ ಸ್ವಾಮಿ, ಇಲ್ಲ ಅನ್ನಲ್ಲ. ಹೊಲಕ್ಕೆ ಕರ್ಕೊಂಡು ಹೋಗಿದ್ದು ಇವರಿಬ್ರು. ನನ್ನ ಪಾಲಿಂದು ನಾನು ಹೇಳ್ದೆ. ಅವರ ಪಾಲಿಂದು ಅವರು ಹೇಳ್ಲಿ."

ಗಂಡನ ಮುಖ ನೋಡಿಕೊಂಡೇ ಹೇಳಿದಳು. ಫೋನಿನ ದಾಖಲೆ, ಬೂದಿಯಲ್ಲಿ ಸಿಕ್ಕ ಮೂಳೆ, ಅಂಗೂರಿಯ ಮಾತು, ಈ ಮೂರರ ಮೇಲೆ ಕೇಸು ನಿಂತಿತು. ಅಣ್ಣತಮ್ಮಂದಿರಿಗೆ ಜೀವಾವಧಿ ಶಿಕ್ಷೆಯಾಯಿತು. ಮೇಲಿನ ಕೋರ್ಟಿನಲ್ಲಿ ಅಪೀಲು ಇನ್ನೂ ನಡೆಯುತ್ತಿದೆ. ಹಿರಿಯರ ಮೇಲೆ ಸಾಕ್ಷಿ ಸಾಲದೆಂದು ಬಿಟ್ಟರು. ಅವರು ಈಗಲೂ ಅದೇ ಕಟ್ಟೆಯ ಮೇಲೆ ಕೂರುತ್ತಾರೆ.

ತೀರ್ಪಿನ ದಿನ ಅಂಗೂರಿ ರಾಮ್‌ಮೆಹರ್‌ನ ಮುಂದೆ ಕೈಮುಗಿದು ನಿಂತಳು. ಅವನು ಬೈಯಲಿಲ್ಲ. "ಹೋಗಬೇಡ ಅಂತ ಎಷ್ಟೋ ಹೇಳ್ದೆ. ಅಪ್ಪನ್ನ ನಂಬಲ್ಲ, ಅಮ್ಮ ಕರೆದಿದ್ದಾಳಲ್ಲ ಅಂದ್ಲು," ಎಂದಷ್ಟೇ ಹೇಳಿ ಹೊರಟುಹೋದ.

ಕಳೆದ ಚಳಿಗಾಲ ಅದೇ ಓಣಿಯ ರೋಶ್ನಿಯ ಮಗಳೂ ಮೆಚ್ಚಿದವನ ಜೊತೆ ಆಸರೆ ಮನೆ ಸೇರಿದಳು. ಮಗಳನ್ನು ಮನೆಗೆ ಕರೆಸು ಎಂದು ಮೈದುನಂದಿರು ರೋಶ್ನಿಯ ಬೆನ್ನು ಬಿದ್ದರು. ಅವಳು ಗಂಡನನ್ನೂ ಕರೆದುಕೊಂಡು ಅಂಗೂರಿಯ ಹತ್ತಿರ ಬಂದು, ತನ್ನ ಗಂಡ ಅಂಥವನಲ್ಲ ಅಂದಳು.

"ನನ್ನ ಗಂಡನೂ ಅಂಥವನಲ್ಲ ಅಂತಲೇ ನಾನೂ ಅಂದಿದ್ದೆ," ಅಂದಳು ಅಂಗೂರಿ. "ನೋಡ್ಬೇಕು ಅನ್ಸಿದ್ರೆ ನೀವೇ ಅಲ್ಲಿಗೆ ಹೋಗಿ. ಅವಳನ್ನ ಕರೀಬೇಡಿ. ಮುನಿಸ್ಕೊಂಡಾದ್ರೂ ಮಗಳು ಬದುಕಿರ್ಲಿ."

ರೋಶ್ನಿಯ ಗಂಡ ಬಿಮಲಾಳ ಜೊತೆ ಹೋಗಿ, ಮಗಳ ತಂಟೆಗೆ ಬರುವುದಿಲ್ಲ ಎಂದು ಅಧಿಕಾರಿಯ ಮುಂದೆ ಬರೆದು ಸಹಿ ಹಾಕಿದ. ಮಗಳ ಜೊತೆ ಇನ್ನೂ ಮಾತಿಲ್ಲ. ಆದರೆ ಅವಳಿದ್ದಾಳೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹರಿಯಾಣ ದೂರ ಎಂದುಕೊಳ್ಳಬೇಡಿ. ಹದಿನೆಂಟು ತುಂಬಿದ ಹುಡುಗಿ, ಇಪ್ಪತ್ತೊಂದು ತುಂಬಿದ ಹುಡುಗ ಮೆಚ್ಚಿ ಮದುವೆಯಾದರೆ ಅದಕ್ಕೆ ಊರಿನ ಒಪ್ಪಿಗೆ ಬೇಕಿಲ್ಲ. ಜೀವಕ್ಕೆ ಅಪಾಯವಿದೆ ಅನ್ನಿಸಿದರೆ 112ಕ್ಕೆ, ಹೆಣ್ಣುಮಕ್ಕಳಾದರೆ 181ಕ್ಕೂ, ಆ ಕ್ಷಣವೇ ಫೋನು ಮಾಡಿ. ಅವಸರದಲ್ಲಿ ಸುಟ್ಟ ಹೆಣ ಕಂಡರೆ ಪೊಲೀಸರಿಗೆ ಹೇಳಿ, ಹೇಳಿದ್ದನ್ನು ಕೋರ್ಟಿನಲ್ಲಿ ನುಂಗಬೇಡಿ. ನಿಮ್ಮ ಮಗಳನ್ನು ಕರೆಸಲು ಯಾರಾದರೂ ನಿಮ್ಮ ದನಿಯನ್ನು ಎರವಲು ಕೇಳಿದರೆ, ಕೊಡಬೇಡಿ. ನಿಮ್ಮ ಮಾತನ್ನು ಅವಳು ನಂಬಿಬಿಡುತ್ತಾಳೆ.