ಡಿಸೆಂಬರಿಗೆ ಸವೆಯುವ ಮೇಣ

ಒರಟು, ಇಲ್ಲೂ ಒರಟು, ಬರಿಗೈಗೆ ಗಾಜಿನಂತೆ ಜಾರುವ ಬಾನೆಟ್ಟು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಸವರಿದೊಡನೆ ಉಪ್ಪು ಕಾಗದದಂತೆ ತರಿತರಿಯಾಗುತ್ತದೆ, ಬೆರಳಿಗೂ ಬಣ್ಣಕ್ಕೂ ನಡುವೆ ಏನೋ ಒಂದು ಅಡ್ಡ ಬಂದರೇ ಕಸ ತಿಳಿಯುವುದು, ವಿಚಿತ್ರ, ಆದರೆ ಹಾಗೆಯೇ — ಸೋಪಿನ ನೀರು ಚಿಮುಕಿಸಿ ಇನ್ನೊಮ್ಮೆ ಜೇಡಿಯ ಉಂಡೆ ಆಡಿಸಬೇಕು, ಒತ್ತಬಾರದು, ಅಂಟಿದ್ದನ್ನು ಅದೇ ಕಿತ್ತುಕೊಳ್ಳುತ್ತದೆ. ಸಂಜೆಯೊಳಗೆ ಬರ್ನಿಸ್ ಬರುತ್ತಾಳೆ, ದೊಡ್ಡ ಸೇತುವೆಯಾಚೆ ಉತ್ತರದಲ್ಲಿರುವ ತಂಗಿಯ ಮನೆಯಿಂದ, ಬಸ್ಸಿನಲ್ಲಿ, ತನ್ನ ಕಾರು ಒಯ್ಯಲು. ವಸಂತದಲ್ಲಿ ನನ್ನನ್ನು ಬಿಟ್ಟು ತಂಗಿಯ ಟ್ರಕ್ಕಿಗೆ ಪೆಟ್ಟಿಗೆಗಳನ್ನು ಹೇರಿಕೊಂಡು ಹೊರಟಾಗ ಇದೊಂದನ್ನು ಇಲ್ಲೇ ಬಿಟ್ಟಿದ್ದಳು, ಇದನ್ನ ಆಮೇಲೆ ತಗೊಂಡ್ ಹೋಗ್ತೀನಿ ಕಾಜ್, ಇರ್ಲಿ ಇಲ್ಲೇ, ಎಂದಿದ್ದಳು ನನಗೆ, ಆ ಆಮೇಲೆ ಇವತ್ತು ಬಂದಿದೆ, ಅಕ್ಟೋಬರ್ ಮುಗಿಯುತ್ತಿದೆ, ಅಲ್ಲಿ ಆಗಲೇ ಹಿಮ ಬಿದ್ದಿದೆಯಂತೆ, ರಸ್ತೆಗೆ ಉಪ್ಪು ಚೆಲ್ಲುವ ಲಾರಿಗಳು ಹೊರಟಿರುತ್ತವೆ, ಮಿಶಿಗನ್ನಿನಲ್ಲಿ ಮೇಣವಿಲ್ಲದ ಕಾರನ್ನು ಚಳಿಗಾಲಕ್ಕೆ ಕಳಿಸುವುದೆಂದರೆ ಮಗುವನ್ನು ಕೋಟಿಲ್ಲದೆ ಹೊರಗಟ್ಟಿದಂತೆ. ಕಪಾಟಿನಲ್ಲಿ ಎರಡಿವೆ. ಹಳದಿ ಡಬ್ಬಿಯದು ಬ್ರೆಜಿಲಿನ ತಾಳೆ ಎಲೆಯಿಂದ ಬರುವ ಮೇಣ, ಕಾರ್ನೌಬಾ, ಕಡುನೀಲಿಯ ಮೇಲೆ ಹಚ್ಚಿದರೆ ಬಣ್ಣಕ್ಕೆ ಆಳ ಬರುತ್ತದೆ, ಸಂಜೆಯ ಕೆರೆಯಂತೆ, ಆದರೆ ಉಪ್ಪುನೀರಿನ ಏಟಿಗೆ ಕ್ರಿಸ್‌ಮಸ್ ಹೊತ್ತಿಗೆ ಸವೆದುಹೋಗುತ್ತದೆ. ಬೂದು ಬಾಟಲಿಯದು ಪಾಲಿಮರ್, ಹೊಳಪು ತಣ್ಣಗೆ, ಆಸ್ಪತ್ರೆಯ ನೆಲದಂತೆ, ಆದರೆ ಹಿಮ ಕರಗುವತನಕ ಕದಲುವುದಿಲ್ಲ. ಜೀವಮಾನವೆಲ್ಲ ಕಾರ್ಖಾನೆಯ ಬಣ್ಣದ ಪ್ರಯೋಗಶಾಲೆಯಲ್ಲಿ ತಗಡುಗಳನ್ನು ಉಪ್ಪಿನ ಮಂಜಿನಲ್ಲಿಟ್ಟು ನೋಡಿದವನು ನಾನು, ಯಾವುದು ಸರಿ ಎಂದು ಯೋಚಿಸಬೇಕಾಗಿಯೇ ಇಲ್ಲ, ಬೂದು, ಆದರೂ ಕೈ ಹಳದಿ ಡಬ್ಬಿಯ ಮೇಲಿದೆ, ಯಾಕೆಂದರೆ ಡಿಸೆಂಬರಿಗೆ ಸವೆದರೆ ಮತ್ತೆ ಹಚ್ಚಬೇಕು, ಹಚ್ಚಬೇಕಾದರೆ ಗಾಡಿ ಇಲ್ಲಿಗೆ ಬರಬೇಕು, ಗಾಡಿ ತಾನಾಗಿ ಬರುವುದಿಲ್ಲ. ಹೇಳಬೇಕಾದ ಮಾತನ್ನು ವಾರದಿಂದ ಬಾಯಿಪಾಠ ಮಾಡಿದ್ದೇನೆ — ಕ್ರಿಸ್‌ಮಸ್‌ಗೆ ಒಂದ್ಸಲ ತಗೊಂಡ್ ಬಾ, ಇನ್ನೊಂದು ಕೈ ಹಚ್ಕೊಡ್ತೀನಿ — ಸುಮ್ಮನೆ, ಈಗ ಹೊಳೆದಂತೆ, ಮೇಣದ ಮಾತು ಅಷ್ಟೇ.

ತೆಳ್ಳಗೆ, ತುಂಬ ತೆಳ್ಳಗೆ, ಹಳದಿ ಡಬ್ಬಿಯದನ್ನು ದಪ್ಪ ಹಚ್ಚಿದರೆ ಒಣಗುವುದಷ್ಟೇ ತಡ, ರಕ್ಷಣೆ ಹೆಚ್ಚುವುದಿಲ್ಲ, ಇದನ್ನು ಅವಳಿಗೆ ಎಷ್ಟು ಸಲ ಹೇಳಿದ್ದೆ, ಗೊತ್ತು ಮಾಸ್ತರೇ, ಹೋದ ವರ್ಷವೂ ಇದೇ ಪಾಠ ಮಾಡಿದ್ರಿ, ಎಂದು ನಗುತ್ತಿದ್ದಳು, ಆಗ ನಗುತ್ತಿದ್ದಳು. ಬಾನೆಟ್ಟು, ಬಲಗಡೆಯ ಮಡ್‌ಗಾರ್ಡು, ಬಾಗಿಲು, ಹಿಂದಿನ ಬಾಗಿಲು, ಡಿಕ್ಕಿ, ಗಾಡಿಯನ್ನು ಸುತ್ತುವುದರಲ್ಲಿ ಒಂದು ಲಯವಿದೆ, ಕೈ ಹೋಗುತ್ತದೆ, ಕಾಲು ಸರಿಯುತ್ತದೆ, ಹಿಂದೆ ಬಿಳಿಯ ಪೊರೆ ಕಟ್ಟುತ್ತ ಬರುತ್ತದೆ. ನಾನು ಹಚ್ಚುವವನು, ಅವಳು ಒರೆಸುವವಳು, ಮದುವೆಯಾದಾಗಿನಿಂದ ಪ್ರತಿ ಶರತ್ಕಾಲ ಹೀಗೆಯೇ, ಹಿಂದಿನಿಂದ ಬಂದು ಪೊರೆಯ ಮೇಲೆ ತೋರುಬೆರಳಿನಿಂದ ಒಂದು ಗೆರೆ ಎಳೆಯುತ್ತಿದ್ದಳು, ಗೆರೆ ಮಸುಕಾದರೆ ಇನ್ನೂ ಹಸಿ, ಗೆರೆಯೊಳಗೆ ನೀಲಿ ನಿಚ್ಚಳವಾಗಿ ಕಂಡರೆ ಆಯಿತು, ಕಾಜ್, ಬೆಂದಿದೆ ನೋಡು, ಎಂದು ಬಟ್ಟೆ ಆಡಿಸುತ್ತಿದ್ದಳು, ಅನ್ನ ಬೆಂದ ಹಾಗೆ. ಬೇಲಿಯಾಚೆ ಪಕ್ಕದ ಮನೆಯ ಓಡೆಲ್, ಕೈಯಲ್ಲಿ ಸೇಬಿನ ರಸದ ಲೋಟ, ಏನಯ್ಯಾ, ಹೆಂಡ್ತಿ ಇದ್ದಾಗ ಅವಳನ್ನ ಇದರ ಅರ್ಧ ಸವರಿದ್ರೂ ಇವತ್ತು ಗಾಡಿ ಸವರೋ ಗತಿ ಬರ್ತಿರ್ಲಿಲ್ಲ, ಸುಮ್ನಿರೋ ಓಡೆಲ್, ಸುಮ್ನಿರ್ತೀನಿ, ಆದ್ರೆ ಅದೇನದು, ಗಾಡಿಗೆ ಮೇಣ ಹಚ್ತಿದೀಯೋ ಮದುವೆ ಕೇಕ್ ಮಾಡ್ತಿದೀಯೋ — ತಿರುಗಿ ನೋಡುತ್ತೇನೆ, ಇಡೀ ಗಾಡಿ ಬೆಳ್ಳಗೆ, ಒಂದು ತುಂಡೂ ಒರೆಸಿಲ್ಲ, ಬಾನೆಟ್ಟಿನ ಮೇಲಿನದು ಬಿಸಿಲಿಗೆ ಕಲ್ಲಾಗಿದೆ. ಒಂದೊಂದೇ ಭಾಗ ಹಚ್ಚಿ ಒರೆಸಬೇಕು, ಒಬ್ಬನೇ ಇದ್ದರೆ ಹಾಗೆಯೇ, ಡಬ್ಬಿಯ ಮೇಲೂ ಬರೆದಿರುತ್ತದೆ, ನಾನು ಇಬ್ಬರ ಲೆಕ್ಕದಲ್ಲಿ ಹಚ್ಚುತ್ತ ಹೋಗಿದ್ದೇನೆ, ಹಿಂದೆ ಬಟ್ಟೆ ಹಿಡಿದು ಯಾರೋ ಬರುತ್ತಿದ್ದಾರೆಂದು ಬೆನ್ನು ನಂಬಿಕೊಂಡಿತ್ತು. ನಾನೊಂದು ಬಟ್ಟೆ ಹಿಡೀಲೇನೋ, ಬೇಡ ಓಡೆಲ್, ಬೇಡ ಅಂದ್ರೆ ಬೇಡಪ್ಪ, ನನ್ನ ಸೊಂಟಕ್ಕೂ ಅದೇ ಬೇಕಾಗಿತ್ತು.

ತೋಳು ಬಿದ್ದುಹೋಗುವಂತೆ ಉಜ್ಜಿ ಬಾನೆಟ್ಟೊಂದು ಮುಗಿಸಿದೆ, ಅಷ್ಟರಲ್ಲಿ ಅಡುಗೆಮನೆಯ ಫೋನು. ಮೇಣದ ಕೈಯಲ್ಲೇ ಎತ್ತಿದೆ. ಕಾಜ್, ನಾನು ಬರ್ತಾ ಇಲ್ಲ ಕಣೋ, ನಾಳೆ ಬೆಳಿಗ್ಗೆ ತಂಗಿ ಗಂಡ ಡ್ವೇನ್ ಆ ಕಡೆ ಬರ್ತಿದಾನೆ, ಅವನ ಕೈಲೇ ಕೊಟ್ಬಿಡು. ಬಸ್ಸಲ್ಲಿ ಅಷ್ಟು ದೂರ ಯಾಕೆ ಅಂತ. ಹೌದು, ಯಾಕೆ, ಎಂದೆ. ಆ ಕಡೆ ಯಾರೋ ತಟ್ಟೆ ಜೋಡಿಸುವ ಸದ್ದು, ಆಮೇಲೆ ಅವಳು, ಮೇಣ ಹಚ್ಚಿದ್ಯಾ, ಕೇಳಬಾರ್ದು ಅನ್ಕೊಂಡಿದ್ದೆ, ಹಚ್ಚಿರ್ತೀಯ ಬಿಡು. ಹಚ್ಚಿದೀನಿ. ಚಳಿಗಾಲ ಪೂರ್ತಿ ತಡೆಯೋದೇ ತಾನೆ, ಇಲ್ಲಿ ನಂಗೆ ಯಾರೂ ಹಚ್ಕೊಡಲ್ಲ. ನಾನು, ಕ್ರಿಸ್‌ಮಸ್‌ಗೆ ಒಂದ್ಸಲ, ಎಂಬಲ್ಲಿಗೆ ನಾಲಿಗೆ ಹೋಗಿತ್ತು, ಬಾಯಿಂದ ಬಂದದ್ದು, ಹೂಂ, ವಸಂತದತನಕ ಏನೂ ಆಗಲ್ಲ. ಥ್ಯಾಂಕ್ಸ್ ಕಾಜ್. ಅವಳು ಹೊರಟ ದಿನ ಹೇಳಿದ ಮಾತು, ನಾನು ಮಾತಾಡ್ತಿದ್ರೂ ನೀನು ಒಳಗೊಳಗೇ ಏನೋ ಅಳೀತಾ ಇರ್ತೀಯ, ಈಗಲೂ ಅಳೆಯುತ್ತಿದ್ದೆ, ಆ ಥ್ಯಾಂಕ್ಸಿನ ಬಿಸಿಯನ್ನು. ಪಾತ್ರೆ ತೊಳೆಯುವ ಸೋಪು, ಬಕೆಟ್ಟು, ಬಿಸಿನೀರು, ವಸಂತದತನಕ ಎಂದಮೇಲೆ ಬೂದು ಬಾಟಲಿಯದೇ ಆಗಬೇಕು, ತಾಳೆಮೇಣದ ಮೇಲೆ ಪಾಲಿಮರ್ ಕೂರುವುದಿಲ್ಲ, ಬರಿಯ ಬಣ್ಣವೇ ಬೇಕು ಅದಕ್ಕೆ, ಆದ್ದರಿಂದ ಹಚ್ಚಿದ್ದನ್ನೆಲ್ಲ ತೊಳೆದುಹಾಕಬೇಕು, ತೊಳೆಯುತ್ತೇನೆ, ನೀರು ಮೊದಲು ಮುತ್ತುಮುತ್ತಾಗಿ ನಿಲ್ಲುತ್ತದೆ, ಇನ್ನೊಮ್ಮೆ ತೊಳೆದರೆ ಹಾಳೆಯಂತೆ ಹರಡಿ ಇಳಿದುಹೋಗುತ್ತದೆ, ಹೋಯಿತು, ಈಗ ಏನೂ ಇಲ್ಲ ಮೇಲೆ. ಒರೆಸಿ ಒಣಗಿಸಿ ಗಾಡಿಯನ್ನು ಶೆಡ್ಡಿಗೆ ತಂದು ಬೂದು ಬಾಟಲಿ ಬಿಚ್ಚುತ್ತೇನೆ, ಈ ಸಲ ಒಂದೊಂದೇ ಭಾಗ, ಹಚ್ಚು, ಕಾಯಿ, ಒರೆಸು, ಸರಿ, ಹಚ್ಚು, ಕಾಯಿ — ಒಬ್ಬನ ಲಯವೂ ಒಂದು ಲಯವೇ, ಕಾಲಿಗೆ ಅಭ್ಯಾಸವಾಗಬೇಕು ಅಷ್ಟೇ, ಉಪ್ಪು ಬರಲಿ, ಕೆಸರು ಬರಲಿ, ಫೆಬ್ರವರಿಯ ಮುಂಜಾನೆ ಅವಳು ಗಾಜಿನ ಮೇಲಿನ ಹಿಮ ಕೆರೆಯುವಾಗಲೂ ಇದು ಇರುತ್ತದೆ, ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ, ಅವಳು ಬರಬೇಕಾಗಿಲ್ಲ, ಡಿಸೆಂಬರಿನಲ್ಲೂ, ಜನವರಿಯಲ್ಲೂ. ಕೊನೆಯದು ಚಾಲಕನ ಬಾಗಿಲು. ಪೊರೆ ಕಟ್ಟಿದೆ. ತೋರುಬೆರಳಿಟ್ಟು ಎಳೆಯುತ್ತೇನೆ, ಗೆರೆಯೊಳಗೆ ನೀಲಿ, ನಿಚ್ಚಳ, ಬೆಂದಿದೆ, ಒರೆಸಬೇಕು, ಬಟ್ಟೆ ನನ್ನ ಭುಜದ ಮೇಲೆಯೇ ಇದೆ, ಕೈ ಕೆಳಗಿಳಿಸಿ ಪಕ್ಕಕ್ಕೆ ಸರಿದು ನಿಂತಿದ್ದೇನೆ, ಇನ್ನೊಬ್ಬರಿಗೆ ಜಾಗ ಬಿಟ್ಟವನಂತೆ, ಒರೆಸಬೇಕು, ಬಾಗಿಲ ತುಂಬ ಬಿಳುಪು, ನಡುವೆ ಒಂದು ಬೆರಳಗಲದ ನೀಲಿ ಗೆರೆ.